ಚಂದ ಬಂದಿದೆ ಅಂದಿದ್ದೆ

ಕಳೆದ ವಾರ ಹೊನ್ನಾವರದ ಡಾಕ್ಟರು ನನ್ನ ಬಲಗೈಯ ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ ನೋಡಿ, ಎಷ್ಟು ವರ್ಷದಿಂದ ಚಿತ್ರ ಬರೆಯುತ್ತಿದ್ದೀರಿ ಎಂದು ಕೇಳಿದರು. ಹದಿಮೂರು ಎಂದೆ. ಒಂದು ಮುಲಾಮು ಬರೆದುಕೊಟ್ಟರು. ಮನೆಗೆ ಬಂದು ಅದರ ಮುಚ್ಚಳ ತೆಗೆದೆ. ಕರ್ಪೂರ, ನೀಲಗಿರಿ ಎಣ್ಣೆ, ಅದರಡಿಯಲ್ಲಿ ಲವಂಗದಂಥದ್ದೇನೋ... ಹಚ್ಚಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು. ಇದೇ ವಾಸನೆಯನ್ನು ನಾನು ಎಂಟೊಂಬತ್ತು ವರ್ಷ ದಿನವೂ ಮೂಸಿದ್ದೇನೆ. ಸಂಜೆಯ ಚಹ ಬರುವ ಹೊತ್ತಿಗೆ ಪಕ್ಕದ ಮೇಜಿನಿಂದ ಬರುತ್ತಿತ್ತು. ಅಕ್ಕ ಪೆನ್ನು ಕೆಳಗಿಟ್ಟು, ಬಳೆಯನ್ನು ಮೊಣಕೈವರೆಗೆ ಸರಿಸಿ, ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಳ್ಳುವ ಹೊತ್ತು ಅದು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಕೆಲಸ ಮಾಡುತ್ತಿದ್ದ ಜಾಹೀರಾತು ಏಜೆನ್ಸಿಯಲ್ಲಿ ನನಗಿಂತ ಹಿರಿಯ ಚಿತ್ರಗಾರ್ತಿ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಒಳ್ಳೆಯದೂ ಇದೆ, ಅದನ್ನು ಮೊದಲೇ ಬರೆದು ಮುಗಿಸುತ್ತೇನೆ.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಗೋಡಂಬಿ ಡಬ್ಬಿ, ಮದುವೆಯ ಕಾಗದ, ಮುರ್ಡೇಶ್ವರದ ಹೋಟೆಲುಗಳ ಮೆನು, ಕುಮಟಾದ ಶಾಲೆಗಳ ಗೋಡೆಯ ಮೇಲಿನ ಆನೆ ಜಿಂಕೆ, ಎಲ್ಲವೂ ಅಲ್ಲಿಂದಲೇ ಹೋಗುತ್ತಿದ್ದವು. ಗಿರಾಕಿಗಳನ್ನು ಹಿಡಿದು ತರುವವರು ಏಜೆನ್ಸಿಯ ಮಾಲೀಕರು, ಅವರನ್ನು ಸರ್ ಅನ್ನುತ್ತಿದ್ದೆವು. ಚಿತ್ರ ಬರೆಯುವವರು ಅಕ್ಕ ಮತ್ತು ನಾನು. ನಾನು ಅಲ್ಲೇ ಪಕ್ಕದ ಮಾವಿನಕುರ್ವೆಯವಳು, ಅಪ್ಪ ಮೀನು ಹಿಡಿಯುವವರು. ಅಕ್ಕ ಕುಮಟಾದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಬೆಂಗಳೂರಿನಲ್ಲಿ ದೊಡ್ಡ ಕಂಪನಿಯೊಂದರಲ್ಲಿದ್ದವರು, ಮದುವೆ ಮುರಿದು ತವರಿಗೆ ಬಂದಿದ್ದರು. ಆ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಧ್ಯಾಹ್ನ ಅವರ ಅಮ್ಮನ ಫೋನು ಬರುತ್ತಿತ್ತು. "ಊಟ ಆತು ಆಯಿ. ಇಲ್ಲೆ, ತಡ ಆಗ್ತಿಲ್ಲೆ, ಸಂಜಿಗೆ ಬತ್ತೆ" ಎಂದು ಮೆಲ್ಲಗೆ ಹೇಳಿ ಇಡುತ್ತಿದ್ದರು.

ನನಗೆ ಗೆರೆ ಎಳೆಯಲು ಕಲಿಸಿದವರು ಅವರೇ. ಡಿಪ್ಲೊಮಾ ಮುಗಿಸಿ ಬಂದವಳು ನಾನು, ಕೈ ಗಟ್ಟಿಯಾಗಿತ್ತು. "ಗೆರೆ ಎಳಿವಾಗ ಉಸಿರು ಹಿಡೀಬೇಡ. ಬಿಡ್ತಾ ಎಳಿ" ಅಂದಿದ್ದರು. ಹೇಗೆ ಎಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟು ತೋರಿಸಿದ್ದರು. ಇವತ್ತಿಗೂ ನಾನು ಉಸಿರು ಬಿಡುತ್ತಲೇ ಎಳೆಯುತ್ತೇನೆ. ತಮ್ಮ ಡಬ್ಬಿಯ ಮಾವಿನಕಾಯಿ ಅಪ್ಪೆಹುಳಿಯನ್ನು ಲೋಟಕ್ಕೆ ಹೊಯ್ದು ನನಗೆ ಕೊಡುತ್ತಿದ್ದರು. ನಾನು ಮೀನುಸಾರಿನ ಡಬ್ಬಿ ತೆಗೆದರೆ ಎದ್ದು ಕಿಟಕಿ ತೆಗೆಯುತ್ತಿದ್ದರು. ಮುಖ ಸಿಂಡರಿಸುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ, ಕಿಟಕಿ ತೆಗೆಯುತ್ತಿದ್ದರು ಅಷ್ಟೆ. ನಾನೂ ಅದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಆಗ ಹಾಕಿಕೊಂಡಿರಲಿಲ್ಲ.

ಭಟ್ಕಳದ ಮೀನು ಪ್ಯಾಕಿಂಗ್ ಕಂಪನಿಯ ಸಾಹೇಬರು ಒಂದು ದಿನ ಸರ್ ಜೊತೆ ಮೆಟ್ಟಿಲು ಹತ್ತಿ ಬಂದರು. ವಯಸ್ಸಾದವರು, ಬಿಳಿ ಗಡ್ಡ, ಮಾತು ನಿಧಾನ. ಹನ್ನೆರಡು ಬಗೆಯ ಮೀನಿಗೆ ಹನ್ನೆರಡು ಪ್ಯಾಕೆಟ್ಟು ಬೇಕಿತ್ತು.

"ಫೋಟೊ ಬೇಡ. ಎಲ್ಲರೂ ಫೋಟೊ ಹಾಕ್ತಾರೆ, ಮೀನು ಸತ್ತಂಗೆ ಕಾಣ್ತದೆ. ನಮ್ದು ಈಗಷ್ಟೇ ಬಲೆಯಿಂದ ತೆಗೆದಂಗೆ ಕಾಣ್ಬೇಕು" ಅಂದರು.

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ಕುರ್ಚಿ ತಿರುಗಿಸಿದರು. "ನಂಗೆ ಮೀನು ಎಂದ್ರೆ ಎಲ್ಲ ಒಂದೇ. ಇದು ನೀನೇ ಬರಿ."

ಬರೆದೆ. ಎರಡು ತಿಂಗಳು ಹಿಡಿಯಿತು. ಬೆಳಿಗ್ಗೆ ಅಪ್ಪ ದೋಣಿ ತಂದು ಕಟ್ಟುವ ಹೊತ್ತಿಗೆ ನಾನು ಬಣ್ಣದ ಪೆಟ್ಟಿಗೆ ಹಿಡಿದು ದಡದಲ್ಲಿ ಕೂತಿರುತ್ತಿದ್ದೆ. ಅಪ್ಪ ಒಂದೊಂದೇ ಮೀನನ್ನು ಒದ್ದೆ ಹಲಗೆಯ ಮೇಲೆ ಇಡುತ್ತಿದ್ದರು. ಬಂಗಡೆಯ ಬೆನ್ನಿನ ಹಸಿರು ನೀರಿನಿಂದ ಹೊರಬಂದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅದು ಬೂದುಬಣ್ಣಕ್ಕೆ ತಿರುಗುವ ಮೊದಲು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. "ಬೇಗ ಮಾಡು ಮಗಾ, ಹೋಗ್ತು ಅದು" ಎಂದು ಅಪ್ಪ ಅವಸರ ಮಾಡುತ್ತಿದ್ದರು. ತಾರ್ಲೆ, ನೊಗಲಿ, ಇಸವಾಣ, ಸಿಗಡಿ... ಹೀಗೆ ಹನ್ನೆರಡು. ಆಫೀಸಿಗೆ ಬಂದು ಅವನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಮುಗಿಸುತ್ತಿದ್ದೆ.

ಮುಗಿದ ದಿನ ಅಕ್ಕ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ತುಂಬ ಹೊತ್ತು ನಿಂತೇ ಇದ್ದರು. "ಈ ಬಂಗಡೆ ನನ್ನನ್ನೇ ನೋಡ್ತದಲ್ಲೇ" ಅಂದರು. ಅವರ ದನಿಯಲ್ಲಿ ಇದ್ದದ್ದು ಮೆಚ್ಚುಗೆ ಮಾತ್ರ ಅಂದುಕೊಂಡಿದ್ದೆ.

ಸರ್ ಆ ಎರಡು ತಿಂಗಳು ಹೆಚ್ಚಾಗಿ ತಿರುಗಾಟದಲ್ಲೇ ಇದ್ದರು. ಕೆಲಸ ಅಕ್ಕನ ಹೆಸರಿನಲ್ಲಿತ್ತು, ಫೈಲುಗಳು ಅಕ್ಕನ ಕಂಪ್ಯೂಟರಿನಿಂದ ಹೋಗುತ್ತಿದ್ದವು. ನಾನು ಬಣ್ಣ ತುಂಬಿಸಲು ನೆರವಾದೆ ಎಂದಷ್ಟೇ ಸರ್ ತಿಳಿದಿದ್ದರು. ಅಕ್ಕನೇ ಹಾಗೆ ತಿಳಿಸಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಪ್ಯಾಕೆಟ್ಟುಗಳು ಅಂಗಡಿಗೆ ಬಂದವು, ಚೆನ್ನಾಗಿ ಹೋದವು, ಸಾಹೇಬರು ಸಿಹಿ ಕಳಿಸಿದರು. ಐದಾರು ತಿಂಗಳ ಮೇಲೆ ಒಂದು ಬೆಳಿಗ್ಗೆ ಸರ್ ಪತ್ರಿಕೆ ಹಿಡಿದುಕೊಂಡು ಓಡಿಬಂದರು. ಬೆಂಗಳೂರಿನಲ್ಲಿ ನಡೆದ ಜಾಹೀರಾತು ಚಿತ್ರಗಳ ಸ್ಪರ್ಧೆಯೊಂದರಲ್ಲಿ ನಮ್ಮ ಮೀನುಗಳಿಗೆ ಬಹುಮಾನ ಬಂದಿತ್ತು. ಫೋಟೊದಲ್ಲಿ ಅಕ್ಕ ಇದ್ದರು. ಕೆಳಗೆ ಅಕ್ಕನ ಹೆಸರಿತ್ತು. ಹನ್ನೆರಡು ಮೀನುಗಳೂ ಇದ್ದವು. ನಾನಿರಲಿಲ್ಲ.

ಆಫೀಸಿನಲ್ಲಿ ಕೇಕು ತಂದರು. ಅಕ್ಕ ಮೊದಲ ತುಂಡನ್ನು ಕತ್ತರಿಸಿ ನೇರ ನನ್ನ ಹತ್ತಿರ ಬಂದರು. "ಬಾಯಿ ತೆಗಿ" ಅಂದರು. ಸರ್ ಮೊಬೈಲು ಹಿಡಿದು ಫೋಟೊ ತೆಗೆಯುತ್ತಿದ್ದರು. ನಾನು ಬಾಯಿ ತೆಗೆದೆ. ನುಂಗಿದೆ ಕೂಡ. ಮೀನು ಕದ್ದದ್ದಕ್ಕಿಂತ ಆ ಕೇಕು ನುಂಗಿಸಿದ್ದಕ್ಕೇ ನನಗೆ ಹೆಚ್ಚು ಸಿಟ್ಟು.

ಸಂಜೆ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ. "ಅಕ್ಕಾ, ಅದು ನನ್ನ ಕೆಲಸ."

ಅವರು ಚಪ್ಪಲಿಯನ್ನೇ ನೋಡುತ್ತಿದ್ದರು. "ಫಾರ್ಮಲ್ಲಿ ಒಂದೇ ಹೆಸರಿಗೆ ಜಾಗ ಇತ್ತು" ಅಂದರು. ಚೀಲವನ್ನು ಹೆಗಲಿಗೆ ಏರಿಸಿಕೊಂಡು, "ನಿಂಗಿನ್ನೂ ವಯಸ್ಸದೆ. ಇಂಥದ್ದು ನಿಂಗೆ ಇನ್ನೂ ಹತ್ತು ಬತ್ತದೆ. ನಂಗೆ ಎಂತ ಬತ್ತದೆ ಹೇಳು" ಅಂದರು. ಕುಮಟಾ ಬಸ್ಸಿಗೆ ಹೊತ್ತಾಯಿತೆಂದು ನನ್ನನ್ನು ಬಳಸಿಕೊಂಡು ಇಳಿದು ಹೋದರು.

ಸರ್ ಹತ್ತಿರ ಹೇಳಬಹುದಿತ್ತು. ಹೇಳಿದ್ದರೆ ಇಬ್ಬರನ್ನೂ ಎದುರು ಕೂರಿಸಿ, ಅವರಿಂದ ಒಂದು ಕ್ಷಮೆ ಕೇಳಿಸಿ, ಚಹ ತರಿಸಿ ಮುಗಿಸುತ್ತಿದ್ದರು. ನನಗೆ ಕ್ಷಮೆ ಬೇಕಿರಲಿಲ್ಲ. ಮರುದಿನ ಎಂದಿನ ಹಾಗೆ ಹೋಗಿ ಪಕ್ಕದ ಮೇಜಿನಲ್ಲಿ ಕೂತೆ. ಅಪ್ಪೆಹುಳಿ ಕೊಟ್ಟರು, ಕುಡಿದೆ. ಕಿಟಕಿ ತೆಗೆದರು, ಆಗ ಮಾತ್ರ ತಲೆಯೆತ್ತಿ ನೋಡಿದೆ. ನನ್ನ ಮೀನಿನ ವಾಸನೆ ಆಗುವುದಿಲ್ಲ, ನನ್ನ ಮೀನು ಆಗುತ್ತದೆ... ಹೀಗೆ ಒಂದು ವರ್ಷ ಕಾದೆ. ಏನಕ್ಕೆ ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಬಂದಾಗ ಗೊತ್ತಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಸಾಹೇಬರು ಮತ್ತೆ ಬಂದರು. ಇನ್ನೂ ನಾಲ್ಕು ಬಗೆಯ ಮೀನು ಸೇರಿಸುವುದಿತ್ತು, ಅದರಲ್ಲಿ ಪಾಪ್ಲೆಟ್ಟೇ ಮುಖ್ಯ. ದುಬಾರಿ ಮೀನು, ಹೊರದೇಶಕ್ಕೂ ಹೋಗುವಂಥದ್ದು. "ಅದೇ ಕೈಯಿಂದ ಬರ್ಬೇಕು" ಎಂದು ಅಕ್ಕನ ಕಡೆ ತೋರಿಸಿದರು. ಅಕ್ಕ ನಕ್ಕರು.

ಅವರು ಹೋದ ಮೇಲೆ ಅಕ್ಕ ನನ್ನ ಮೇಜಿಗೆ ಬಂದು, ದನಿ ತಗ್ಗಿಸಿ, "ನಾಲ್ಕೇ ಅಲ್ದನೇ, ಬರ್ದುಕೊಡು. ಈ ಸಲ ಇಬ್ಬರ ಹೆಸರೂ ಹಾಕ್ವ" ಅಂದರು.

"ಬಹುಮಾನ ನಿಮ್ದು. ನೀವೇ ಬರೀರಿ" ಅಂದೆ.

ಅಕ್ಕ ತಮ್ಮ ಜಾಗಕ್ಕೆ ಹೋದರು. ಹದಿನೈದು ದಿನ ಬಗ್ಗಿ ಬರೆದರು. ಮುಲಾಮಿನ ವಾಸನೆ ಆಗ ಬೆಳಿಗ್ಗೆಯಿಂದಲೇ ಬರತೊಡಗಿತ್ತು. ಮೀನು ಪೇಟೆಗೆ ಹೋಗಿ ನೋಡುವವರಲ್ಲ ಅವರು, ಅಂತರ್ಜಾಲದಲ್ಲಿ ಫೋಟೊ ಹುಡುಕಿ ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದರು. ಕೊನೆಯ ದಿನ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಒಂದ್ಸಲ ನೋಡೆ. ಎಂತಾದ್ರೂ ತಪ್ಪಿದ್ರೆ ಹೇಳು."

ನೋಡಿದೆ. ಮೂರು ಮೀನು ಸರಿಯಿದ್ದವು. ಪಾಪ್ಲೆಟ್ಟು ಪಾಪ್ಲೆಟ್ಟಾಗಿರಲಿಲ್ಲ. ಕೆರೆಯಲ್ಲಿ ಸಾಕುವ ರೂಪಚಂದ್ ಎಂಬ ಮೀನೊಂದಿದೆ. ಅದೂ ಅಗಲ, ಚಪ್ಪಟೆ. ಸಮುದ್ರ ಕಾಣದ ಊರುಗಳಲ್ಲಿ ಅದನ್ನೇ ಪಾಪ್ಲೆಟ್ಟೆಂದು ಹೇಳಿ ಮಾರುವವರಿದ್ದಾರೆ, ಫೋಟೊ ಹಾಕುವವರೂ ಇದ್ದಾರೆ. ಅಕ್ಕ ಅಂಥದೇ ಫೋಟೊ ನೋಡಿ ಬರೆದಿದ್ದರು. ಬಣ್ಣವನ್ನು ಬೆಳ್ಳಿ ಮಾಡಿದ್ದರು, ಆದರೆ ಹೊಟ್ಟೆಯ ಕೆಳಗೆ ಎರಡು ರೆಕ್ಕೆ ಹಾಗೇ ಇದ್ದವು. ಪಾಪ್ಲೆಟ್ಟಿಗೆ ಅಲ್ಲಿ ರೆಕ್ಕೆ ಇರುವುದಿಲ್ಲ. ಬಾಲ ಕತ್ತರಿಯಂತೆ ಸೀಳಿರಬೇಕಿತ್ತು, ಮೊಂಡಾಗಿತ್ತು. ನಮ್ಮೂರಿನ ಯಾವ ಮಗುವಿಗಾದರೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಚಂದ ಬಂದಿದೆ ಅಕ್ಕಾ" ಅಂದೆ.

"ಖರೆಯಾ?"

"ಖರೆ."

ಅವರ ಮುಖ ಅರಳಿತು. ಅದನ್ನು ನೋಡಿದರೆ ನನ್ನ ಮನಸ್ಸು ಕರಗಬೇಕಿತ್ತೇನೋ. ಕರಗಲಿಲ್ಲ. ಅವರು ಫೈಲು ಕಳಿಸುವ ಗುಂಡಿ ಒತ್ತಿದ್ದನ್ನು ಕಣ್ಣಾರೆ ನೋಡಿ, ಡಬ್ಬಿ ತೊಳೆದುಕೊಂಡು ಮನೆಗೆ ಬಂದೆ.

ಪ್ಯಾಕೆಟ್ಟುಗಳು ಬಂದು ಒಂದು ವಾರವೂ ಆಗಿರಲಿಲ್ಲ. ಪೇಟೆಯಲ್ಲಿ ಮೀನು ಮಾರುವ ಹೆಂಗಸರು ಒಂದು ಪ್ಯಾಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ನಗುತ್ತಿದ್ದರು. ಯಾರೋ ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಬಿಟ್ಟರು. ಭಟ್ಕಳದಿಂದ ಕುಮಟಾದವರೆಗೆ ಹರಿದಾಡಿತು. ಪಾಪ್ಲೆಟ್ಟಿನ ಹೆಸರಿನಲ್ಲಿ ಕೆರೆ ಮೀನು ತುಂಬುತ್ತಾರೆ ಎಂದು ಜನ ಆಡಿಕೊಂಡರು. ನಮ್ಮ ಮನೆಗೂ ಬಂತು. ಅಪ್ಪ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದವರು ಮೊಬೈಲು ಚಾಚಿ ತೋರಿಸಿದರು. ನಗುತ್ತಿದ್ದರು.

"ಇದ್ಯಾರು ಬರ್ದದ್ದು? ರೂಪಚಂದ್ ಅಲ್ದಾ ಇದು." ಆಮೇಲೆ ನಗು ನಿಂತಿತು. "ನಿಮ್ಮ ಆಫೀಸಿಂದು. ನೀ ಇದ್ದೂ ಹಿಂಗಾತಾ? ನೀ ಕಾಣ್ಲಿಲ್ವಾ?"

"ಕಂಡೆ" ಅಂದೆ.

ಅಪ್ಪ ಬಲೆ ಮಡಚಿಟ್ಟು ಒಳಗೆ ಹೋದರು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ.

ಮರುದಿನ ಸಾಹೇಬರು ಬಂದರು. ಕೂಗಾಡಲಿಲ್ಲ. ಪ್ಯಾಕೆಟ್ಟನ್ನು ಅಕ್ಕನ ಮೇಜಿನ ಮೇಲೆ ಇಟ್ಟರು. "ಮೇಡಂ, ನಮ್ಮ ಮನೇಲಿ ಆರು ವರ್ಷದ ಮೊಮ್ಮಗಳಿದ್ದಾಳೆ. ಅವಳು ಹೇಳಿದ್ಲು ಇದು ಪಾಪ್ಲೆಟ್ ಅಲ್ಲ ಅಂತ. ಮೂವತ್ತು ವರ್ಷದಿಂದ ನಾನು ಸಮುದ್ರದ ಮೀನು ಮಾರ್ತಿದ್ದೇನೆ. ಇವತ್ತು ಜನ ನನ್ನ ಮೋಸಗಾರ ಅಂತಿದ್ದಾರೆ." ಇಷ್ಟು ಹೇಳಿ, ಎಲ್ಲ ಪ್ಯಾಕೆಟ್ಟನ್ನೂ ವಾಪಸು ತರಿಸಿ ಸುಡಿಸುತ್ತೇನೆ, ಇನ್ನು ನಿಮ್ಮ ಸಹವಾಸ ಬೇಡ ಎಂದು ಸರ್‌ಗೆ ಕೈಮುಗಿದು ಹೊರಟುಹೋದರು.

ಸರ್ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಮೊದಲಿನ ಹನ್ನೆರಡನ್ನ ಅಷ್ಟು ಕರೆಕ್ಟಾಗಿ ಬರೆದವರು ಇದೊಂದನ್ನ ಹೆಂಗೆ ತಪ್ಪಿದ್ರಿ?" ಎಂದು ಕೇಳಿದರು.

ಒಂದು ವರ್ಷ ನಾನು ಕಾದದ್ದು ಈ ಪ್ರಶ್ನೆಗೆ. ಇದನ್ನು ಕೇಳುವವರು ಸರ್ ಎಂದಾಗಲಿ, ಇದೇ ಮಾತಿನಲ್ಲಿ ಕೇಳುತ್ತಾರೆ ಎಂದಾಗಲಿ ನನಗೆ ಗೊತ್ತಿರಲಿಲ್ಲ. ಅಕ್ಕ ತಿರುಗಿ ನನ್ನನ್ನು ನೋಡಿದರು. ಇವಳಿಗೆ ತೋರಿಸಿದ್ದೆ, ಇವಳು ಚಂದ ಬಂದಿದೆ ಅಂದಳು ಎಂದು ಹೇಳಿಬಿಡಬಹುದಿತ್ತು. ಹೇಳಿದರೆ, ಇವಳಿಗ್ಯಾಕೆ ತೋರಿಸಿದಿರಿ ಎಂದು ಸರ್ ಕೇಳುತ್ತಿದ್ದರು. ಅದಕ್ಕೆ ಉತ್ತರ ಒಂದೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರ ತುಟಿ ಒಂದು ಸಲ ಅಲುಗಿತು. ನಾನು ಕಣ್ಣು ತಗ್ಗಿಸಲಿಲ್ಲ.

"ತಪ್ಪಾತು ಸರ್. ನಂದೇ ತಪ್ಪು" ಅಂದರು.

ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮೈಯೆಲ್ಲ ಹಗುರಾಗಿತ್ತು. ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟರು. ಬಿಡಿಸಿದರು ಎಂದರೂ ಸರಿ. ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ಸರ್ ಇರಲಿಲ್ಲ, ನಾವಿಬ್ಬರೇ ಇದ್ದೆವು.

"ನಿಂಗೆ ಕಂಡಿತ್ತು, ಅಲ್ದಾ?" ಅಂದರು.

"ಕಂಡಿತ್ತು."

"ಚಂದ ಬಂದಿದೆ ಅಂದೆ."

"ಚಂದನೂ ಬಂದಿತ್ತು."

ಚೀಲದ ಜಿಪ್ಪು ಎಳೆದರು. ಬೈಯುತ್ತಾರೆ, ಇಲ್ಲ ಅಳುತ್ತಾರೆ ಎಂದು ಕಾದೆ. "ಆತು" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಬೀದಿಯ ತಿರುವಿನವರೆಗೆ ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ತಿರುಗಿ ನೋಡಲಿಲ್ಲ.

ಅವರ ಕುರ್ಚಿ ನನಗೆ ಬಂತು. ಎರಡು ವರ್ಷ ಅಲ್ಲಿ ಕೂತೆ. ಆಮೇಲೆ ಸರ್ ಹೊಸದೊಂದು ಸಾಫ್ಟ್‌ವೇರ್ ಹಾಕಿಸಿದರು. ಏನು ಬೇಕೋ ಟೈಪು ಮಾಡಿದರೆ ಕಂಪ್ಯೂಟರೇ ಚಿತ್ರ ಬರೆದು ಕೊಡುತ್ತದೆ. ಗೋಡಂಬಿ ಡಬ್ಬಿ, ಹೋಟೆಲ್ ಮೆನು, ಶಾಲೆಯ ಗೋಡೆಯ ಆನೆ, ಎಲ್ಲ ಅದೇ ಬರೆಯುತ್ತದೆ, ಆನೆಗೆ ಐದು ಕಾಲು ಬಂದರೆ ಅಳಿಸುವುದು ನನ್ನ ಕೆಲಸ. ಕೆಲವು ತಿಂಗಳು ಅಳಿಸಿದೆ. ಆಮೇಲೆ ಬಿಟ್ಟೆ. ಈಗ ಮನೆಯಲ್ಲೇ ಕೂತು ಸಿಕ್ಕಿದ್ದನ್ನು ಬರೆಯುತ್ತೇನೆ. ಅಕ್ಕ ಕುಮಟಾದಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದಾರೆ ಎಂದು ಯಾರೋ ಅಂದಿದ್ದರು. ನಾನು ಒಂದು ಸಲವೂ ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ. ಹೋದ ಮಳೆಗಾಲದಲ್ಲಿ ಆಫೀಸಿನ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಸರ್ ಅಕ್ಕನ ಫೋಟೊ ಹಾಕಿ, ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು. ಹೊಟ್ಟೆಯ ಕಾಯಿಲೆ ಅಂತೆ, ನಾಲ್ಕೇ ತಿಂಗಳು.

ನಾನು ಅವರ ಮನೆಗೆ ಹೋದದ್ದು ಮಳೆ ನಿಂತ ಮೇಲೆ. ಸಂತಾಪ ಹೇಳಲು ಹೋಗಲಿಲ್ಲ. ಆ ಬಹುಮಾನಕ್ಕೆ ಒಂದು ಚೌಕಟ್ಟು ಕೊಟ್ಟಿದ್ದರು, ಗಾಜಿನೊಳಗೆ ನನ್ನ ಹನ್ನೆರಡು ಮೀನು, ಕೆಳಗೆ ಅವರ ಹೆಸರು. ಅದು ಆ ಮನೆಯಲ್ಲಿದೆ ಎಂಬುದು ಇಷ್ಟು ವರ್ಷ ನನ್ನನ್ನು ಕೊರೆಯುತ್ತಿತ್ತು. ಅದನ್ನು ಕೇಳಿ ತರಲು ಹೋದೆ. ಕೊಡದಿದ್ದರೆ ಏನೇನು ಹೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಳ್ಳೆಯ ಮಾತುಗಳಾಗಿರಲಿಲ್ಲ.

ಕುಮಟಾ ಪೇಟೆಯ ಅಂಚಿನಲ್ಲಿ ಅವರ ತಮ್ಮನ ತಾರಸಿ ಮನೆ. ತಮ್ಮ ಬ್ಯಾಂಕಿಗೆ ಹೋಗಿದ್ದರು, ತಮ್ಮನ ಹೆಂಡತಿ ಬಾಗಿಲು ತೆಗೆದರು. ಜೊತೆಗೆ ಕೆಲಸ ಮಾಡುತ್ತಿದ್ದೆ ಎಂದಾಗ ಕೂರಿಸಿ ಪಾನಕ ತಂದುಕೊಟ್ಟರು. ಆಫೀಸಿನವರು ಯಾರೂ ಬಂದಿರಲಿಲ್ಲ, ನೀವೇ ಮೊದಲು ಅಂದರು. ಚೌಕಟ್ಟು ಟೀವಿಯ ಮೇಲೆಯೇ ತೂಗುತ್ತಿತ್ತು. ನಾನು ನೋಡುವುದನ್ನು ಅವರು ನೋಡಿದರು.

"ಅತ್ತಿಗೆ ಮೀನು ಮುಟ್ಟಿದವರೇ ಅಲ್ಲ. ಹೆಂಗೆ ಬರದ್ರು ಅಂತ ನಮಗೂ ಆಶ್ಚರ್ಯವೇ" ಅಂದರು.

"ಅದು ನಾನು ಬರೆದದ್ದು" ಅಂದೆ.

ಅವರು ಮೀನುಗಳನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾ" ಅಂದರು. ಕುರ್ಚಿ ಎಳೆದು ಹತ್ತಿ ಚೌಕಟ್ಟನ್ನು ಇಳಿಸಿದರು. ಸೆರಗಿನಿಂದ ಗಾಜಿನ ಧೂಳು ಒರೆಸಿದರು. ಹಳೆಯ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನಿಮ್ಮದಾದ್ರೆ ನಿಮ್ಮ ಹತ್ರ ಇರ್ಲಿ."

ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ಬೇಕಾಗಲಿಲ್ಲ.

ಬಾಗಿಲವರೆಗೆ ಬಂದವರು ಸ್ವಲ್ಪ ಸಂಕೋಚದಿಂದ ನಿಂತರು. "ಒಂದು ಕೇಳ್ಲಾ? ಅವರೇ ಬರ್ದದ್ದು ನಿಮ್ಮ ಹತ್ರ ಎಂತಾದ್ರೂ ಇದ್ರೆ ಕೊಡ್ತೀರಾ? ಇಲ್ಲಿ ಒಂದೂ ಇಲ್ಲ. ಎಲ್ಲ ಕಂಪ್ಯೂಟರಲ್ಲಿ ಇತ್ತಡ, ಅದು ಹಾಳಾತು. ಅತ್ತೆಯವರು ಕೇಳ್ತಾ ಇರ್ತಾರೆ."

ಹುಡುಕುತ್ತೇನೆ ಎಂದು ಹೇಳಿ, ಅವರ ಮೊಬೈಲಿಗೆ ನನ್ನ ನಂಬರು ಹಾಕಿಕೊಟ್ಟು ಬಂದೆ.

ಹುಡುಕಿದೆ. ಆಫೀಸಿನ ಹಳೆಯ ಫೈಲುಗಳನ್ನು ಸರ್ ಯಾವಾಗಲೋ ಅಳಿಸಿದ್ದಾರೆ. ಗೋಡಂಬಿ ಡಬ್ಬಿಗೆ ಬೇರೆ ಚಿತ್ರ ಬಂದಿದೆ. ಶಾಲೆಯ ಗೋಡೆಗೆ ಹೊಸ ಬಣ್ಣ ಹೊಡೆದಿದ್ದಾರೆ. ನಮ್ಮ ಕೆಲಸವೇ ಹಾಗೆ, ಹರಿದು ಬಿಸಾಕುವುದಕ್ಕೆಂದೇ ಬರೆಯುವುದು. ಅವರು ಮನಸ್ಸಿಟ್ಟು ಬರೆದ ಕೊನೆಯ ಚಿತ್ರ ಆ ಪಾಪ್ಲೆಟ್ಟು. ಅದನ್ನು ಭಟ್ಕಳದಲ್ಲಿ ಸುಟ್ಟರು, ವಾಟ್ಸಾಪಿನಲ್ಲಿ ಹರಿದಾಡಿದ ಫೋಟೊ ಕೂಡ ಈಗ ಯಾರ ಮೊಬೈಲಿನಲ್ಲೂ ಉಳಿದಿಲ್ಲ. ತಪ್ಪು ಮೀನು ಹೌದು, ಆದರೆ ಅದರ ಬೆನ್ನಿನ ಗೆರೆಯನ್ನು ಬಾಯಿಯಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಎಳೆದಿದ್ದರು. ಅಂಥ ಗೆರೆ ನನ್ನ ಕೈಯಿಂದ ಇವತ್ತಿಗೂ ಬಂದಿಲ್ಲ...

ಅವರನ್ನು ನಾನು ಕ್ಷಮಿಸಿಲ್ಲ. ಆ ಪರದೆಯನ್ನು ಮತ್ತೊಮ್ಮೆ ನನ್ನ ಕಡೆ ತಿರುಗಿಸಿದರೆ ಮತ್ತೊಮ್ಮೆ ಚಂದ ಬಂದಿದೆ ಅಂದೇನು. ಆದರೆ ಈಗ ಚಿತ್ರ ಮುಗಿಸಿ ಕಳಿಸಿದರೆ ಗಿರಾಕಿಗಳಿಂದ ಮೇಲೆತ್ತಿದ ಹೆಬ್ಬೆರಳಿನ ಗುರುತು ಬರುತ್ತದೆ, ಅಷ್ಟೆ. ಕುರ್ಚಿಯ ಹಿಂದೆ ಬಂದು ತುಂಬ ಹೊತ್ತು ನಿಲ್ಲುವವರು ಯಾರೂ ಇಲ್ಲ. ನನ್ನ ಬಂಗಡೆ ಕದಿಯುವಷ್ಟು ಚೆನ್ನಾಗಿದೆ ಎಂದು ಕಂಡುಕೊಂಡವರು ಅವರೊಬ್ಬರೇ.

ಮೊನ್ನೆ ಅವರ ತಮ್ಮನ ಹೆಂಡತಿ ಫೋನು ಮಾಡಿದ್ದರು. ಸಿಕ್ಕಿತಾ ಎಂದು ಕೇಳಿದರು. ಹಿಂದಿನಿಂದ ಮುದುಕಿಯ ದನಿಯೊಂದು, "ಎಂತ ಹೇಳ್ತು?" ಎಂದು ಕೇಳುವುದು ಕೇಳಿಸಿತು.

ಹುಡುಕುತ್ತಾ ಇದ್ದೇನೆ ಅಂದೆ. ಹುಡುಕುವುದಕ್ಕೆ ಇನ್ನು ಜಾಗ ಉಳಿದಿಲ್ಲ.